ಚೆಸ್‌ನಲ್ಲಿ ನಡೆ ಎದುರಾಳಿಯದು. ಅವನ ರಾಜನಿಗೆ ಚೆಕ್ (ನೇರ ದಾಳಿ) ಇಲ್ಲ, ಆದರೆ ಯಾವ ಕಾಯಿ ನಡೆಸೋಕೂ ಜಾಗ ಇಲ್ಲ. ಆಗ ಗೆದ್ದವರು ಯಾರು?

ಯಾರೂ ಅಲ್ಲ, ಆಟ ಡ್ರಾ. ಇದಕ್ಕೆ ಸ್ಟೇಲ್‌ಮೇಟ್ ಅಂತಾರೆ. ಚೆಕ್ ಬಿದ್ದು, ತಪ್ಪಿಸಿಕೊಳ್ಳೋಕೆ ದಾರಿ ಇಲ್ಲದಿದ್ದರೆ ಮಾತ್ರ ಚೆಕ್‌ಮೇಟ್, ಅಂದರೆ ಗೆಲುವು. ಹಾಗೆಯೇ, ಎದುರಾಳಿಗೆ ನಡೆಸಬಹುದಾದ ಒಂದೇ ಒಂದು ಕಾಲಾಳು ಉಳಿದಿದ್ದರೂ ಅದು ಸ್ಟೇಲ್‌ಮೇಟ್ ಅಲ್ಲ, ಆಟ ಮುಂದುವರಿಯುತ್ತೆ.

ಧಾರವಾಡದಲ್ಲಿ ಓದುವಾಗ ರೂಮ್‌ಮೇಟ್ ಜೊತೆ ಒಂದು ಪ್ಲೇಟ್ ಗಿರ್ಮಿಟ್ ಪಂದ್ಯ ಕಟ್ಟಿ ಆಡಿದ್ದೆ. ಅವನ ಬಳಿ ಉಳಿದದ್ದು ಬರೀ ರಾಜ, ಅದೂ ಮೂಲೆಯ ಎಚ್8 ಮನೆಯಲ್ಲಿ (ಅಕ್ಷರ ಅಂದರೆ ಉದ್ದ ಸಾಲು, ಅಂಕಿ ಅಂದರೆ ಅಡ್ಡ ಸಾಲು). ನಾನು ಖುಷಿಯಲ್ಲಿ ರಾಣಿಯನ್ನು ಜಿ6ಕ್ಕೆ ತಂದಿಟ್ಟೆ. ಅವನ ರಾಜ ಹೋಗಬಹುದಾದ ಜಿ8, ಜಿ7, ಎಚ್7 ಮೂರೂ ಬಂದ್. ಆದರೆ ಚೆಕ್ ಎಲ್ಲಿದೆ? ಗೆದ್ದ ಆಟ ಕೈತಪ್ಪಿತು. ಗಿರ್ಮಿಟ್ ದುಡ್ಡು ಇಬ್ಬರೂ ಅರ್ಧರ್ಧ ಕೊಟ್ಟೆವು. (ಮಿರ್ಚಿ ಮಾತ್ರ ಅವನೇ ಜಾಸ್ತಿ ತಿಂದ.)

ಒಂದು ಗುರುತು ಇಟ್ಟುಕೊಳ್ಳಿ. ಒಂಟಿ ರಾಜ ಮೂಲೆಯಲ್ಲಿದ್ದಾಗ, ಅವನಿಂದ ಕುದುರೆ ಒಮ್ಮೆ ಜಿಗಿಯುವಷ್ಟು ದೂರದ ಮನೆಗೆ ರಾಣಿಯನ್ನು ಸುಮ್ನೆ ತರಬೇಡಿ. ಅವನಿಗೆ ಓಡಾಡೋಕೆ ಒಂದು ಮನೆ ಬಿಟ್ಟು, ನಿಮ್ಮ ರಾಜನನ್ನು ಮೆಲ್ಲಗೆ ಹತ್ತಿರ ತನ್ನಿ. ನಿಮ್ಮ ರಾಜ ಎಫ್6ರಲ್ಲಿ, ಎದುರಾಳಿಯ ರಾಜ ಎಚ್8ರಲ್ಲಿ ಇದ್ದರೆ ರಾಣಿಯನ್ನು ಜಿ7ಕ್ಕೆ ಇಡಿ. ಅದು ಚೆಕ್‌ಮೇಟ್.