ಬಕ್‌ಟೇಲ್ ಜಿಗ್ ಕಟ್ಟಲು ಯಾವ ದಾರ ಒಳ್ಳೆಯದು?

ಬಕ್‌ಟೇಲ್ ಜಿಗ್ (ಸೀಸದ ತಲೆಯ ಗಾಳಕ್ಕೆ ಜಿಂಕೆ ಕೂದಲು ಕಟ್ಟಿದ ಮೀನಿನ ಆಮಿಷ) ಮನೆಯಲ್ಲಿದ್ದ ಹೊಲಿಗೆ ದಾರದಲ್ಲೇ ಕಟ್ಟಿದೆ, ನಾಲ್ಕು ಮೀನು ಕಚ್ಚುವಷ್ಟರಲ್ಲಿ ಕೂದಲೆಲ್ಲ ಉದುರಿತು, ಅಂಗಡಿಯಲ್ಲಿ ನೋಡಿದರೆ 70, 140, 210 ಡೆನಿಯರ್, ಕೆವ್ಲಾರ್, ಜಿಎಸ್‌ಪಿ (ಎರಡೂ ಬಲು ಗಟ್ಟಿ ಕೃತಕ ನಾರಿನ ದಾರಗಳು) ಅಂತ ಸಾಲು ಸಾಲು ಇಟ್ಟಿದ್ದಾರೆ, ಯಾವುದು ತಗೊಳ್ಳಲಿ ಅಂತ ಕೇಳಿದ್ದೀರಿ.

210 ಡೆನಿಯರ್‌ನ ಫ್ಲ್ಯಾಟ್ ವ್ಯಾಕ್ಸ್ಡ್ ನೈಲಾನ್, ಅಂದರೆ ಮೇಣ ಸವರಿದ ಚಪ್ಪಟೆ ನೈಲಾನ್ ದಾರ, ತಗೊಳ್ಳಿ. ನ್ಯೂಜೆರ್ಸಿಯ ಕಡಲಲ್ಲಿ ಸ್ಟ್ರೈಪರ್, ಫ್ಲೂಕ್ ಮೀನುಗಳಿಗೆ ಅರ್ಧ ಔನ್ಸಿನಿಂದ ಎರಡು ಔನ್ಸಿನವರೆಗೆ ನಾನು ಕಟ್ಟುವ ಜಿಗ್‌ಗಳೆಲ್ಲ ಇದರಲ್ಲೇ. ನನ್ನ ಕೈಗೆ ಒಗ್ಗಿರುವುದು ಡ್ಯಾನ್‌ವಿಲ್ ಅವರದ್ದು. 9000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಡೆನಿಯರ್. ಕೆಲವು ಉರುಳೆಗಳ ಮೇಲೆ ದಪ್ಪದ ಅಳತೆ 3/0, 6/0 ಅಂತ ಇರುತ್ತದೆ. ಅದು ಒಂದೊಂದು ಕಂಪನಿಗೆ ಒಂದೊಂದು ಲೆಕ್ಕ, ನಂಬಬೇಡಿ, ಡೆನಿಯರ್ ನೋಡಿ ತಗೊಳ್ಳಿ.

ಚಪ್ಪಟೆ ದಾರವೇ ಯಾಕೆ ಅಂದರೆ, ಬಕ್‌ಟೇಲ್ ಅನ್ನುವುದು ಬಿಳಿಬಾಲದ ಜಿಂಕೆಯ ಬಾಲದ ಕೂದಲು. ಅದರ ಬುಡದ ಭಾಗ ಸ್ವಲ್ಪ ಪೊಳ್ಳು. ಸಣ್ಣ ದುಂಡು ದಾರ ಬಿಗಿದರೆ ಬುಡದಲ್ಲೇ ಕತ್ತರಿಸುತ್ತದೆ. ಮಲ್ಲಿಗೆ ಮಾಲೆ ಕಟ್ಟುವವರು ನೆನೆಸಿದ ಬಾಳೆನಾರು ಹಿಡಿಯುವುದನ್ನು ನೋಡಿದ್ದೀರಲ್ಲ? ಹೊಲಿಗೆ ದಾರ ಬಿಗಿದರೆ ತೊಟ್ಟು ಕತ್ತರಿಸಿ ಹೂವು ಉದುರುತ್ತದೆ, ನಾರು ಅಗಲಕ್ಕೆ ಕೂತು ಹಿಡಿದುಕೊಳ್ಳುತ್ತದೆ. ಇಲ್ಲೂ ಹಾಗೇ. ಸುತ್ತುತ್ತಾ ಹೋದಂತೆ ದಾರ ತಾನಾಗಿ ಹುರಿಗೊಂಡು ದುಂಡಾಗುತ್ತದೆ. ಆಗ ಬಾಬಿನ್ (ದಾರದ ಉರುಳೆ ಹಿಡಿಯುವ ಉಪಕರಣ) ಕೆಳಗೆ ಜೋತುಬಿಟ್ಟು, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸಿ. ಮತ್ತೆ ರಿಬ್ಬನ್ನಿನ ಹಾಗೆ ಹರಡಿಕೊಳ್ಳುತ್ತದೆ. (ನೀವು ಎಡಗೈಯವರಾದರೆ ದಿಕ್ಕು ತಿರುಗುಮುರುಗು.)

ಇನ್ನೊಂದು ವಿಷಯ, ದಾರಕ್ಕಿಂತ ಮುಖ್ಯ. ಮೊದಲ ವರ್ಷ ನನ್ನ ದಾರ ಪಟಪಟ ಕಿತ್ತುಹೋಗುತ್ತಿತ್ತು. ಇನ್ನೂ ಗಟ್ಟಿಯದು ಬೇಕು ಅಂತ ಕೆವ್ಲಾರ್ ತಂದೆ, ಅದೂ ಎಳೆ ಎಳೆಯಾಗಿ ಬಿಚ್ಚಿಕೊಂಡಿತು. ಒಂದು ರಾತ್ರಿ ಜಿಗ್‌ನ ಕುತ್ತಿಗೆಯ (ಕೂದಲು ಕಟ್ಟುವ ಜಾಗ) ಮೇಲೆ ಉಗುರು ಎಳೆದು ನೋಡಿದಾಗ ಗೊತ್ತಾಯಿತು: ಸೀಸ ಎರಕ ಹೊಯ್ದಾಗ ಅಚ್ಚಿನ ಎರಡು ಹೋಳು ಕೂಡುವ ಗೆರೆಯಲ್ಲಿ ತೆಳ್ಳಗೆ ಒಂದು ಅಂಚು ಉಳಿದಿತ್ತು, ಬ್ಲೇಡಿನ ಹಾಗೆ. ಈಗ ಪ್ರತಿ ಜಿಗ್‌ನ ಕುತ್ತಿಗೆಯನ್ನೂ ಹಳೆ ಚಾಕುವಿನಿಂದ ಹೆರೆದ ಮೇಲೆಯೇ ದಾರ ಮುಟ್ಟುತ್ತೇನೆ. ಸೀಸ ಮುಟ್ಟಿದ ಕೈ ತೊಳೆಯದೆ ಏನೂ ತಿನ್ನಬೇಡಿ.

ಕೂದಲಿಗೆ ಮುಂಚೆ ಬರೀ ದಾರದ ಒಂದು ಪದರ ಸುತ್ತಿ, ಇಲ್ಲದಿದ್ದರೆ ಸೀಸದ ಮೇಲೆ ಕೂದಲ ಕಂತೆ ಜಾರುತ್ತದೆ. ಕಂತೆ ಬೆಂಕಿಕಡ್ಡಿಯಷ್ಟೇ ದಪ್ಪ ಇರಲಿ. ಎರಡು ಸುತ್ತು ಸಡಿಲವಾಗಿ, ಮೂರನೆಯದು ಬಿಗಿ, ಆಮೇಲೆ ಪಕ್ಕದಲ್ಲಿ ಇನ್ನೊಂದು ಕಂತೆ. ದಪ್ಪ ಕಂತೆಯನ್ನು ಒಮ್ಮೆಗೇ ಬಿಗಿದರೆ ನಡುವಿನ ಕೂದಲಿಗೆ ಹಿಡಿತವೇ ಸಿಗುವುದಿಲ್ಲ. ನಿಮ್ಮದು ಉದುರಿದ್ದಕ್ಕೆ ಇದೂ ಕಾರಣ ಇರಬಹುದು.

ಜಿಎಸ್‌ಪಿ ಬಹಳ ಗಟ್ಟಿ, ಹಿಗ್ಗುವುದೇ ಇಲ್ಲ ಅನ್ನಬಹುದು, ಆದರೆ ಜಾರುತ್ತದೆ. ಮೇಣ ಬಳಿಯದೆ ಅದರಲ್ಲಿ ಕಟ್ಟುವುದು ಕಷ್ಟ, ಹೊಸಬರ ಕೈಯಲ್ಲಿ ಕೂದಲನ್ನೇ ಕತ್ತರಿಸುತ್ತದೆ. ಕೈ ಪಳಗಲಿ, ಆಮೇಲೆ ನೋಡಿ. ಕೆವ್ಲಾರ್ ಕತ್ತರಿಯನ್ನು ಮೊಂಡು ಮಾಡುತ್ತದೆ, ಬಿಸಿಲಿಗೆ ಸೊರಗುತ್ತದೆ. 70 ಡೆನಿಯರ್ ಸಿಹಿನೀರಿನ ಪುಟ್ಟ ಜಿಗ್‌ಗೆ ಸರಿ.

ಬ್ಲೂಫಿಶ್ ಹಲ್ಲಿಗೆ ಬರಿದಾರ ಯಾವುದೂ ತಡೆಯದು. ಗಂಟು ಮುಗಿಸಿದ ಮೇಲೆ ಗಟ್ಟಿ ನೇಲ್ ಪಾಲಿಶ್ ಎರಡು ಸಲ ಬಳಿಯಿರಿ, ಮೊದಲ ಸಲ ತೆಳ್ಳಗೆ, ದಾರದೊಳಗೆ ಇಳಿಯುವ ಹಾಗೆ. ಎಪಾಕ್ಸಿ ಇದ್ದರೆ ಇನ್ನೂ ಒಳ್ಳೆಯದು. ಬಳಿಯುವ ಮುಂಚೆ ಹತ್ತು ಕೂದಲು ಹಿಡಿದು ಜೋರಾಗಿ ಜಗ್ಗಿ. ಬಂದರೆ ಬಿಚ್ಚಿ ಮತ್ತೆ ಕಟ್ಟಿ. ಬಿಳಿಯದೊಂದು, ಕೆಂಪಿನದೊಂದು ಉರುಳೆ ಇದ್ದರೆ ಈ ಸೀಸನ್ನಿಗೆ ಧಾರಾಳವಾಯಿತು.