ನ್ಯೂಯಾರ್ಕೋ, ಸ್ಯಾನ್ ಫ್ರಾನ್ಸಿಸ್ಕೋನೋ: ಎರಡು ಡೆಂಟಲ್ ಸೀಟು ಸಿಕ್ಕಿರುವ ತಂಗಿಗೆ

ಪ್ರೀತಿಯ ತಂಗಿ,

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನಿನ್ನ ಪತ್ರ ಓದಿ ಮನಸ್ಸು ತುಂಬಿ ಬಂತು. ದಾವಣಗೆರೆಯಲ್ಲಿ ಬಿಡಿಎಸ್ ಮುಗಿಸಿ, ಯಜಮಾನರ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗುವ ಎಚ್-4 ವೀಸಾದಲ್ಲಿ ನ್ಯೂಜೆರ್ಸಿಯ ಎಡಿಸನ್‌ಗೆ ಬಂದು, ಮಗಳನ್ನು ಮಲಗಿಸಿದ ಮೇಲೆ ರಾತ್ರಿ ಕೂತು ಇಲ್ಲಿನ ದಂತವೈದ್ಯರ ರಾಷ್ಟ್ರೀಯ ಪರೀಕ್ಷೆ ಐಎನ್‌ಬಿಡಿಇಗೆ ಓದಿ ಪಾಸಾಗಿದ್ದೀಯ. ಅಡುಗೆಮನೆ ಮೇಜಿನ ಮೇಲೆ ಟೈಪೊಡಾಂಟ್ (ಕೃತಕ ಹಲ್ಲುಗಳ ಮಾದರಿ) ಇಟ್ಟುಕೊಂಡು, ಕೈಕೆಲಸ ನೋಡುವ ಬೆಂಚ್ ಟೆಸ್ಟಿಗೆ ಕೈ ಪಳಗಿಸಿದ್ದೀಯ. ಈಗ ಇಲ್ಲಿನ ಡೆಂಟಲ್ ಪದವಿಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ (ಎನ್‌ವೈಯು) ಮೂರು ವರ್ಷದ ಸೀಟೂ ಇದೆ, ಸ್ಯಾನ್ ಫ್ರಾನ್ಸಿಸ್ಕೋದ ಪೆಸಿಫಿಕ್ ವಿಶ್ವವಿದ್ಯಾಲಯದ ಡುಗೋನಿ ಶಾಲೆಯ ಎರಡು ವರ್ಷದ ಸೀಟೂ ಇದೆ. ‘ಯಾವುದಕ್ಕೆ ಹೆಸರು ಜಾಸ್ತಿ ಅಕ್ಕ, ಯಾವುದು ಸೇರಲಿ?’ ಅಂತ ಕೇಳಿದ್ದೀಯ.

ಹೆಸರಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ನಾವು ಸಿಇಟಿ ರ‍್ಯಾಂಕ್ ನೋಡಿಕೊಂಡು ಬೆಳೆದವರು. ಯಾವ ಕಾಲೇಜು ಮೊದಲು, ಯಾವುದು ಆಮೇಲೆ ಅನ್ನುವುದು ನಮಗೆ ಬಾಯಿಪಾಠ. ಇಲ್ಲಿ ಡೆಂಟಲ್ ಶಾಲೆಗಳಿಗೆ ಎಲ್ಲರೂ ಒಪ್ಪುವ ಅಂಥ ಪಟ್ಟಿಯೇ ಇಲ್ಲ. ಬೇರೆ ಕೋರ್ಸುಗಳಿಗೆ ರ‍್ಯಾಂಕ್ ಕೊಡುವ ಯು.ಎಸ್. ನ್ಯೂಸ್ ಕೂಡ ಡೆಂಟಲ್ ಶಾಲೆಗಳಿಗೆ ಕೊಡುವುದಿಲ್ಲ. ಎರಡು ಶಾಲೆಗೂ, ಡೆಂಟಲ್ ಶಾಲೆಗಳಿಗೆ ಮಾನ್ಯತೆ ಕೊಡುವ ಕೋಡಾ ಸಂಸ್ಥೆಯ ಮಾನ್ಯತೆ ಇದೆ, ಎರಡೂ ಕೊಡುವುದು ಡಿಡಿಎಸ್ ಪದವಿ. ಕೆಲವು ಶಾಲೆಗಳು ಡಿಎಂಡಿ ಅಂತ ಕೊಡುತ್ತವೆ, ಅದಕ್ಕೂ ಇದಕ್ಕೂ ವ್ಯತ್ಯಾಸ ಇಲ್ಲ. ಆರ್ಥೋ, ಎಂಡೋ ಅಂತ ಸ್ಪೆಷಾಲಿಟಿ ಮಾಡುವ ಆಸೆ ಇದ್ದರೆ ಮಾತು ಬೇರೆ. ಆಗ ಶಾಲೆ, ಅಲ್ಲಿನ ಸಂಶೋಧನೆ, ತರಗತಿಯಲ್ಲಿ ನಿನ್ನ ಸ್ಥಾನ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ನೀನು ಬರೆದಿರುವುದು ಜನರಲ್ ಪ್ರಾಕ್ಟೀಸ್ ಮಾಡಿ, ಮುಂದೆ ನ್ಯೂಜೆರ್ಸಿಯಲ್ಲೇ ಸಣ್ಣ ಕ್ಲಿನಿಕ್ ಇಡಬೇಕು ಅಂತ. ನಾನು ಇಲ್ಲಿ ಕ್ಲಿನಿಕ್ ಇಟ್ಟು ಹನ್ನೊಂದು ವರ್ಷವಾಯಿತು. ನೋವಾಗುತ್ತಾ ಅಂತ ಕೇಳುತ್ತಾರೆ, ಇನ್ಶೂರೆನ್ಸ್ ಎಷ್ಟು ಕೊಡುತ್ತದೆ ಅಂತ ಕೇಳುತ್ತಾರೆ. ಎಲ್ಲಿ ಓದಿದೆ ಅಂತ ಯಾವ ಪೇಷಂಟೂ ಕೇಳಿಲ್ಲ.

ನನ್ನ ಕಥೆ ಹೇಳಲೇಬೇಕು. ನಾನೂ ಇಂಥದ್ದೇ ಜಾಗದಲ್ಲಿ ನಿಂತಿದ್ದೆ. ಒಂದು ಸೀಟು ಮನೆಯಿಂದ ಒಂದು ಗಂಟೆ ದೂರ. ಇನ್ನೊಂದಕ್ಕೆ ಎರಡು ವಿಮಾನ ಬದಲಿಸಿ ಹೋಗಬೇಕು. ಊರಿನಲ್ಲಿ ನಾಲ್ಕು ಜನ ಹೆಸರು ಕೇಳಿದ್ದ ಶಾಲೆ ಅಂತ ದೂರದ್ದನ್ನೇ ಆರಿಸಿಕೊಂಡೆ. ಮಗನಿಗೆ ಆಗ ಎರಡೂವರೆ ವರ್ಷ. ಅಮ್ಮ ಆರು ತಿಂಗಳು, ಅತ್ತೆ ಆರು ತಿಂಗಳು ಬಂದು ನೋಡಿಕೊಂಡರು. ಓದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಕ್ಲಿನಿಕ್. ಇಷ್ಟು ಕ್ರೌನ್, ಇಷ್ಟು ರೂಟ್ ಕೆನಾಲ್, ಇಷ್ಟು ಡೆಂಚರ್ ಮುಗಿಸಿದರೇನೇ ಪದವಿ. ಆ ಶಾಲೆಯಲ್ಲಿ ಪೇಷಂಟ್‌ಗಳು ಕಡಿಮೆ. ಕೊನೆಯ ವರ್ಷ ನನ್ನ ಕಂಪ್ಲೀಟ್ ಡೆಂಚರ್ ಪೇಷಂಟ್, ಒಬ್ಬರು ಅಜ್ಜಿ, ಹಲ್ಲಿನ ಸೆಟ್ ಬಾಯಿಗೆ ಹಾಕಿ ನೋಡುವ ಟ್ರೈ-ಇನ್ ಆದ ಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟರು. ಬದಲಿ ಪೇಷಂಟ್ ಸಿಗಲು ತಿಂಗಳುಗಟ್ಟಲೆ ಕಾದೆ. ಜೊತೆಯವರು ಗೌನು ಹಾಕಿಕೊಂಡು ಫೋಟೋ ತೆಗೆಸಿಕೊಂಡರು, ನಾನು ಐದು ತಿಂಗಳು ತಡವಾಗಿ ಮುಗಿಸಿದೆ. ಆ ಐದು ತಿಂಗಳಿಗೂ ಫೀಸು, ಬಾಡಿಗೆ, ಸಾಲದ ಬಡ್ಡಿ. ಫೋನಿನಲ್ಲಿ ಮಗ ‘ಅಮ್ಮ ಯಾವಾಗ ಬರ್ತೀಯ’ ಅಂದಾಗ ಹೇಳಲು ನನ್ನ ಹತ್ತಿರ ತಾರೀಖು ಇರಲಿಲ್ಲ.

ಅದಕ್ಕೇ ನಿನಗೆ ಹೇಳುವುದು. ಯಾವ ಶಾಲೆಯಿಂದ ಹೊತ್ತಿಗೆ ಸರಿಯಾಗಿ ಮುಗಿಸಿ ಹೊರಗೆ ಬರಬಹುದು, ಅಷ್ಟು ದಿನ ಮನೆ ಹೇಗೆ ನಡೆಯುತ್ತದೆ, ಈ ಎರಡನ್ನೇ ನೋಡು.

ಎರಡೂ ಕಡೆ ಈಗ ಕೊನೆಯ ವರ್ಷದಲ್ಲಿರುವ, ನಮ್ಮ ಹಾಗೆ ಹೊರಗಿನಿಂದ ಬಂದ ಒಬ್ಬಿಬ್ಬರನ್ನು ಹುಡುಕಿ ಮಾತಾಡು. ಸಂದರ್ಶನದ ದಿನ ಶಾಲೆ ತೋರಿಸಲು ನಿಲ್ಲಿಸಿದವರನ್ನಲ್ಲ, ಬೇರೆಯವರನ್ನು. ಹೋದ ವರ್ಷ ಎಷ್ಟು ಜನ ತಡವಾಗಿ ಮುಗಿಸಿದರು ಅಂತ ನೇರವಾಗಿ ಕೇಳು. ಪೇಷಂಟನ್ನು ಶಾಲೆ ಕೊಡುತ್ತದೋ ನಾವೇ ಹುಡುಕಬೇಕೋ? ಪೇಷಂಟ್ ಬಿಟ್ಟುಹೋದರೆ ಯಾರು ಜವಾಬ್ದಾರಿ? ಒಂದು ಪ್ರೆಪ್ (ಹಲ್ಲು ಕೊರೆದು ಸಿದ್ಧ ಮಾಡುವುದು) ಮುಗಿಸಿ ಕೈ ಎತ್ತಿದರೆ ಫ್ಯಾಕಲ್ಟಿ ಬಂದು ನೋಡಿ ಸಹಿ ಹಾಕಲು ಎಷ್ಟು ಹೊತ್ತು ಕಾಯಬೇಕು? ಇದು ಸಣ್ಣ ಪ್ರಶ್ನೆ ಅನ್ನಿಸಬಹುದು. ಮೂರು ಗಂಟೆಯ ಅಪಾಯಿಂಟ್‌ಮೆಂಟಿನಲ್ಲಿ ಮುಕ್ಕಾಲು ಗಂಟೆ ಸಹಿಗೇ ಹೋದರೆ ಆ ದಿನದ ಕೆಲಸ ಮುಗಿಯುವುದಿಲ್ಲ, ಪೇಷಂಟ್ ಇನ್ನೊಂದು ಸಲ ಬರಬೇಕು, ಅವರೂ ಬೇಸತ್ತುಹೋಗುತ್ತಾರೆ.

ಇನ್ನು ಶಾಲೆಗಳ ಸ್ವಭಾವ. ಎನ್‌ವೈಯು 1865ರಲ್ಲಿ ಶುರುವಾದದ್ದು, ಈ ದೇಶದ ಅತಿ ದೊಡ್ಡ ಡೆಂಟಲ್ ಶಾಲೆ. ಒಂದು ಬ್ಯಾಚಿನಲ್ಲೇ ಮುನ್ನೂರಕ್ಕೂ ಹೆಚ್ಚು ಮಂದಿ. ಮ್ಯಾನ್‌ಹಟನ್‌ನ ಫಸ್ಟ್ ಅವೆನ್ಯೂನಲ್ಲಿದೆ, ಪಕ್ಕದಲ್ಲೇ ಬೆಲ್‌ವ್ಯೂ ಆಸ್ಪತ್ರೆ. ಹತ್ತಾರು ಭಾಷೆಯ ಜನ, ಬಡವರು, ಹೊಸದಾಗಿ ಬಂದವರು ಆ ಕ್ಲಿನಿಕ್ಕಿಗೆ ಬರುತ್ತಾರೆ. ಪೇಷಂಟ್‌ಗಳಿಗೆ ಕೊರತೆ ಇಲ್ಲ. ಆದರೆ ಅಷ್ಟು ಜನರ ನಡುವೆ ನಿನ್ನ ಕೆಲಸದ ಬೆನ್ನು ನೀನೇ ಹತ್ತಬೇಕು. ಪೆಸಿಫಿಕ್ ಚಿಕ್ಕದು. ಅಲ್ಲಿ ಅಮೆರಿಕದ ಹುಡುಗರಿಗೇ ನಾಲ್ಕು ವರ್ಷದ ಡಿಡಿಎಸ್ ಅನ್ನು ಮೂರು ವರ್ಷದಲ್ಲಿ ಮುಗಿಸುತ್ತಾರೆ, ನಮ್ಮಂಥವರಿಗೆ ಎರಡು. ಓಟ ಜೋರು. 1978ರಿಂದ 2006ರವರೆಗೆ ಡೀನ್ ಆಗಿದ್ದ ಆರ್ಥರ್ ಡುಗೋನಿ ಅವರ ಹೆಸರನ್ನೇ ಶಾಲೆಗೆ ಇಟ್ಟಿದ್ದಾರೆ. ವಿದ್ಯಾರ್ಥಿಯನ್ನು ಅವಮಾನ ಮಾಡದೆ, ಮರ್ಯಾದೆ ಕೊಟ್ಟು ಕಲಿಸಬೇಕು ಅನ್ನುವುದನ್ನು ಆ ಶಾಲೆಯ ನಡೆಯನ್ನಾಗಿಯೇ ಮಾಡಿದವರು ಅವರು. ಪೇಷಂಟ್ ಎದುರಿಗೇ ಬೈಸಿಕೊಂಡು ಬಿಡಿಎಸ್ ಮಾಡಿದ ನಮಗೆ ಇದರ ಬೆಲೆ ಗೊತ್ತು, ಅಲ್ವಾ?

ಕಲಿಯುವುದು ಎರಡೂ ಕಡೆ ಒಂದೇ ತರ ಹೊಸದು. ನಿನಗೆ ಊರಿನ ಕ್ಲಿನಿಕ್ಕಿನಲ್ಲಿ ಹಲ್ಲು ಕಿತ್ತು ಕಿತ್ತು ಕೈ ಚುರುಕಾಗಿದೆ. ಇಲ್ಲಿ ಆ ಚುರುಕನ್ನು ಯಾರೂ ಮೊದಲು ಕೇಳುವುದಿಲ್ಲ. ಬಿಪಿ ನೋಡಿದೆಯಾ, ಔಷಧಿಗಳ ಪಟ್ಟಿ ಬರೆದೆಯಾ, ಚಿಕಿತ್ಸೆಯ ಯೋಜನೆಗೆ ಒಪ್ಪಿಗೆ ಸಹಿ ಇದೆಯಾ, ಹಲ್ಲಿನ ಸುತ್ತ ರಬ್ಬರ್ ಹಾಳೆ (ರಬ್ಬರ್ ಡ್ಯಾಮ್) ಹಾಕಿದೆಯಾ, ಇವು ಮೊದಲು. ಒಂದೆರಡು ತಿಂಗಳು ಸಿಟ್ಟು ಬರುತ್ತದೆ. ಆಮೇಲೆ ಇದು ಪೇಷಂಟನ್ನೂ ನಮ್ಮನ್ನೂ ಕಾಯುವ ಪದ್ಧತಿ ಅಂತ ಗೊತ್ತಾಗುತ್ತದೆ.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಖರ್ಚೆಲ್ಲ ಸೇರಿದರೆ ಎರಡೂ ಕಡೆ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟುತ್ತದೆ. ಒಂದು ವರ್ಷದ ಫೀಸನ್ನು ಇನ್ನೊಂದರ ಪಕ್ಕ ಇಟ್ಟು ನೋಡಬೇಡ. ಪೂರ್ತಿ ಕೋರ್ಸಿನ ಮೊತ್ತ ಕೂಡಿಸು. ಇನ್‌ಸ್ಟ್ರುಮೆಂಟ್ ಕಿಟ್, ಹೆಲ್ತ್ ಇನ್ಶೂರೆನ್ಸ್ ಸೇರಿಸು. ಮೂರನೇ ವರ್ಷ ಅಂದರೆ ಇನ್ನೊಂದು ವರ್ಷದ ಫೀಸೂ ಹೌದು, ಕೈಗೆ ಬರಬೇಕಿದ್ದ ಒಂದು ವರ್ಷದ ಸಂಬಳ ಬಾರದಿರುವುದೂ ಹೌದು. ದುಡ್ಡೊಂದನ್ನೇ ಎಣಿಸಿದರೆ ಎರಡು ವರ್ಷದ್ದೇ ಹಗುರ. ಆದರೆ ಪೆಸಿಫಿಕ್ ಲೆಕ್ಕಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಬಾಡಿಗೆಯನ್ನೂ, ಎಡಿಸನ್ನಿನ ಬಾಡಿಗೆಯನ್ನೂ, ಓಡಾಟದ ಟಿಕೆಟ್ಟನ್ನೂ ಹಾಕಬೇಕು. ಸಾಲದ ಬಗ್ಗೆ ಗ್ರೀನ್ ಕಾರ್ಡ್ ಇರುವ ಗೆಳತಿಯರು ಹೇಳುವುದು ನಿನಗೆ ಅನ್ವಯಿಸುವುದಿಲ್ಲ. ಎಚ್-4ನವರಿಗೆ ಸರ್ಕಾರದ ಸಾಲ ಸಿಗುವುದಿಲ್ಲ. ನಿನಗಿರುವುದು ಖಾಸಗಿ ಸಾಲ. ಅದಕ್ಕೆ ಸಾಮಾನ್ಯವಾಗಿ ಇಲ್ಲಿನ ನಾಗರಿಕರೋ ಗ್ರೀನ್ ಕಾರ್ಡ್ ಇರುವವರೋ ಜೊತೆಗೆ ಸಹಿ ಹಾಕಬೇಕು. ಇಲ್ಲವೇ ಊರಿನ ಬ್ಯಾಂಕಿನಲ್ಲಿ ಮನೆ ಅಡ ಇಟ್ಟು ತರಬೇಕು. ಅಪ್ಪನ ಮನೆ ಅಡ ಇಡುವ ಮೊದಲು ಬಡ್ಡಿ ಯಾವ ದಿನದಿಂದ ಓಡುತ್ತದೆ ಅಂತ ಕೇಳಿಕೋ. ಸೇರಿದ ದಿನದಿಂದಲೇ ಓಡುವ ಸಾಲಗಳಿವೆ.

ಲೈಸೆನ್ಸ್ ಬಗ್ಗೆ ಹೆದರಬೇಡ. ನ್ಯೂಯಾರ್ಕ್ ರಾಜ್ಯದಲ್ಲಿ ಮಾತ್ರ ಒಂದು ಸುತ್ತು ಜಾಸ್ತಿ. 2007ರಿಂದ ಅಲ್ಲಿ ಪದವಿಯ ಮೇಲೆ ಒಂದು ವರ್ಷದ ರೆಸಿಡೆನ್ಸಿ ಮಾಡಲೇಬೇಕು. ನಿನಗೆ ಬೇಕಿರುವುದು ನ್ಯೂಜೆರ್ಸಿ. ಅಲ್ಲಿಗೆ ಎಡೆಕ್ಸ್ ಕ್ಲಿನಿಕಲ್ ಪರೀಕ್ಷೆ ಬರೆಯಬಹುದು, ಯಾವ ಶಾಲೆಯಿಂದ ಬಂದರೂ.

ವೀಸಾ ವಿಷಯ ಸ್ವಲ್ಪ ನಿಧಾನವಾಗಿ ಯೋಚನೆ ಮಾಡು. ಎಚ್-4ನಲ್ಲೇ ಇದ್ದುಕೊಂಡು ಓದಬಹುದು. ನಿನ್ನ ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದೆ ಅಂತ ಬರೆದಿದ್ದೀಯ, ಹಾಗಾಗಿ 2015ರಲ್ಲಿ ಬಂದ ನಿಯಮದಂತೆ ಎಚ್-4 ಇಎಡಿ (ಕೆಲಸದ ಪರವಾನಗಿ) ಮೇಲೆ ಮುಂದೆ ಕೆಲಸವೂ ಮಾಡಬಹುದು. ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಿಸಿದರೆ ಓದಿನ ಮೇಲೆ 12 ತಿಂಗಳು ಒಪಿಟಿ, ಅಂದರೆ ಕೆಲಸ ಮಾಡುವ ಅನುಮತಿ, ಸಿಗುತ್ತದೆ. ಇಂಜಿನಿಯರುಗಳಿಗೆ ಸಿಗುವ ಹೆಚ್ಚಿನ 24 ತಿಂಗಳು ನಮಗಿಲ್ಲ. ಆಮೇಲೆ ಕೆಲಸದ ವೀಸಾ ಎಚ್-1ಬಿಯ ಲಾಟರಿ. ಆದರೆ ಎಚ್-4 ನಿಂತಿರುವುದು ಯಜಮಾನರ ಕೆಲಸದ ಮೇಲೆ. ಅವರ ಕೆಲಸ ಹೋದರೆ 60 ದಿನದೊಳಗೆ ನೀನು ಎಫ್-1ಗೆ ಅರ್ಜಿ ಹಾಕುವ ದಾರಿ ಇರಬೇಕು. ಶಾಲೆಯ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನಲ್ಲಿ ಇದನ್ನು ಈಗಲೇ ಮಾತಾಡಿಟ್ಟುಕೋ. ಯಜಮಾನರೂ ಕ್ಯಾಲಿಫೋರ್ನಿಯಾಗೆ ಬರುತ್ತಾರೆ ಅನ್ನುವ ಯೋಚನೆ ಮುಂದೆ ಬಂದರೆ, ಕೆಲಸದ ಜಾಗ ಅಷ್ಟು ದೂರ ಬದಲಾದಾಗ ಕಂಪನಿ ಎಚ್-1ಬಿ ತಿದ್ದುಪಡಿ ಅರ್ಜಿ ಹಾಕಬೇಕು. ಒಪ್ಪುತ್ತಾರಾ ಅಂತ ಮೊದಲು ಅವರು ಕೇಳಲಿ.

ನಾನಾಗಿದ್ದರೆ? ಯಜಮಾನರು ನಿನ್ನ ಜೊತೆ ಬರುವಂತಿದ್ದರೆ ಪೆಸಿಫಿಕ್ ಅನ್ನುತ್ತಿದ್ದೆ. ಅವರು ಬರಲಾಗದು, ಮಗಳಿಗೆ ಮೂರು ವರ್ಷ, ಹಾಗಾಗಿ ನನ್ನ ಮಾತು ಎನ್‌ವೈಯು. ಆ ಮೂರನೇ ವರ್ಷದ ಭಾರ ಗೊತ್ತಿದ್ದೇ ಹೇಳುತ್ತಿದ್ದೇನೆ. ಎರಡು ವರ್ಷವನ್ನು ಫೋನಿನಲ್ಲಿ ಕಳೆದವಳು ನಾನು. ಮಗ ಬೆಳೆದಿದ್ದನ್ನು ನಾನು ನೋಡಲಿಲ್ಲ, ಅತ್ತೆ ಹೇಳಿದ್ದನ್ನು ಕೇಳಿದೆ. ಸಾಲ ತೀರಿತು, ಅದು ತೀರಲಿಲ್ಲ.

ಆದರೆ ಎಡಿಸನ್ನಿನಿಂದ ದಿನಾ ಓಡಾಡಬೇಡ. ನ್ಯೂಜೆರ್ಸಿ ಟ್ರಾನ್ಸಿಟ್ ರೈಲು ಪೆನ್ ಸ್ಟೇಷನ್ನಿಗೆ ಬಿಡುತ್ತದೆ, ಅಲ್ಲಿಂದ ಮ್ಯಾನ್‌ಹಟನ್‌ನ ಆ ತುದಿಗೆ ಹೋಗಬೇಕು. ಮನೆಯಿಂದ ಕ್ಲಿನಿಕ್ಕಿಗೆ ಒಂದೂವರೆ ಗಂಟೆ, ವಾಪಸ್ ಅಷ್ಟೇ. ಮಗಳ ಜೊತೆ ಇದ್ದೂ ಇಲ್ಲದ ಹಾಗಾಗುತ್ತದೆ. ಜರ್ಸಿ ಸಿಟಿಗೆ ಮನೆ ಬದಲಾಯಿಸಿ. ಜರ್ನಲ್ ಸ್ಕ್ವೇರ್‌ನಲ್ಲಿ ಪಾತ್ ರೈಲು ಹತ್ತಿದರೆ 23ನೇ ಬೀದಿಯಲ್ಲಿ ಇಳಿಯಬಹುದು. ಅದೇ ಬೀದಿಯಲ್ಲಿ ಎಂ23 ಬಸ್ಸು ನೇರ ಫಸ್ಟ್ ಅವೆನ್ಯೂ ಕಡೆಗೆ ಹೋಗುತ್ತದೆ. ಬಾಡಿಗೆ ಜಾಸ್ತಿಯಾಗುತ್ತದೆ, ಯಜಮಾನರು ಈ ಕಡೆಯಿಂದ ಓಡಾಡಬೇಕಾಗುತ್ತದೆ. ಮೂರು ವರ್ಷ ಅವರು ಓಡಾಡಲಿ. ಪಕ್ಕದ ನ್ಯೂಅರ್ಕ್ ಅವೆನ್ಯೂನಲ್ಲಿ ನಮ್ಮ ತರಕಾರಿ, ದಿನಸಿ ಎಲ್ಲ ಸಿಗುತ್ತದೆ. ಅಮ್ಮ ಬಂದಾಗ ಕಾರಿಗೆ ಕಾಯದೆ ಮಗುವನ್ನು ಕರೆದುಕೊಂಡು ನಡೆದೇ ಹೋಗಿಬರಬಹುದು. ಅಮ್ಮನ ವೀಸಾಗೆ ಈಗಲೇ ಅರ್ಜಿ ಹಾಕಿಸು, ಸಂದರ್ಶನದ ತಾರೀಖು ಬೇಗ ಸಿಗುವುದಿಲ್ಲ. ಬಂದರೆ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಮೊದಲ ಆರು ತಿಂಗಳಿಗಿಂತ ಕ್ಲಿನಿಕ್ ಶುರುವಾಗುವ ಹೊತ್ತಿಗೆ ಅವರು ಜಾಸ್ತಿ ಬೇಕಾಗುತ್ತಾರೆ. ಟಿಕೆಟ್ ಹಾಗೆ ನೋಡಿಕೊಂಡು ಮಾಡಿಸು.

ಸೀಟು ಉಳಿಸಿಕೊಳ್ಳಲು ಕಟ್ಟುವ ಡೆಪಾಸಿಟ್ ವಾಪಸ್ ಬರುತ್ತದಾ ಅಂತ ಇವತ್ತೇ ಬರೆದು ಕೇಳು. ಕೊನೆಯ ದಿನಕ್ಕೆ ಇನ್ನೊಂದು ವಾರ ಬೇಕಿದ್ದರೆ ಅದನ್ನೂ ಈಮೇಲಿನಲ್ಲೇ ಕೇಳು, ಫೋನಿನಲ್ಲಿ ಬೇಡ. ತೀರ್ಮಾನ ಆದ ದಿನವೇ ಬಿಡುವ ಶಾಲೆಗೆ ತಿಳಿಸಿಬಿಡು. ನನಗೆ ಸೀಟು ಸಿಕ್ಕಿದ್ದು ವೇಟಿಂಗ್ ಲಿಸ್ಟ್‌ನಿಂದ. ಯಾರೋ ಒಬ್ಬರು ಮಂಗಳವಾರ ಬಿಟ್ಟರು, ಬುಧವಾರ ಬೆಳಿಗ್ಗೆ ನನಗೆ ಕರೆ ಬಂತು. ನೀನು ಬಿಡುವ ಸೀಟಿಗೂ ಎಲ್ಲೋ ಒಬ್ಬಳು ದಿನಕ್ಕೆ ಹತ್ತು ಸಲ ಈಮೇಲ್ ತೆರೆದು ನೋಡುತ್ತಿರುತ್ತಾಳೆ.