ಭಾನುವಾರದ ಪರೀಕ್ಷೆ: ಅಧ್ಯಾಪಕರ ಸಂಘ ಏನನ್ನು ಕೇಳಬಹುದು?

ಪ್ರಶ್ನೆ: ನಾನು ತಾಲ್ಲೂಕು ಕೇಂದ್ರವೊಂದರ ಅನುದಾನಿತ ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಈ ಸೆಮಿಸ್ಟರ್‌ನ ವೇಳಾಪಟ್ಟಿಯಲ್ಲಿ ಮೂರು ಭಾನುವಾರ ಮತ್ತು ಒಂದು ಎರಡನೇ ಶನಿವಾರ ಪರೀಕ್ಷೆ ಇಟ್ಟಿದ್ದಾರೆ. ಪರಿಹಾರ ರಜೆಯ (ರಜಾದಿನದ ದುಡಿಮೆಗೆ ಬದಲಾಗಿ ಸಿಗುವ ರಜೆ) ಬಗ್ಗೆ ಸುತ್ತೋಲೆಯಲ್ಲಿ ಒಂದು ಮಾತೂ ಇಲ್ಲ. ಸಂಘದ ಕೆಲವರು ಆ ದಿನಗಳ ಕೊಠಡಿ ಮೇಲ್ವಿಚಾರಣೆಯನ್ನು ಬಹಿಷ್ಕರಿಸೋಣ ಎನ್ನುತ್ತಿದ್ದಾರೆ. ಪ್ರಾಂಶುಪಾಲರು ಮೆಮೊ ಕೊಡುವುದಾಗಿ ಹೇಳಿದ್ದಾರೆ. ರಜಾದಿನದ ಪರೀಕ್ಷಾ ಕೆಲಸವನ್ನು ನಿರಾಕರಿಸುವ ಹಕ್ಕು ನಮಗೆ ಅಥವಾ ನಮ್ಮ ಸಂಘಕ್ಕೆ ಇದೆಯೇ?

ಉತ್ತರ: ನಿರಾಕರಿಸುವ ಹಕ್ಕು ಇದೆ ಎಂದು ಹೇಳಿ ನಿಮ್ಮನ್ನು ಕಷ್ಟಕ್ಕೆ ದೂಡಲಾರೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿರುವ ವೃತ್ತಿ ನೀತಿಸಂಹಿತೆಯು ವಿಶ್ವವಿದ್ಯಾಲಯದ ಹಾಗೂ ಕಾಲೇಜಿನ ಪರೀಕ್ಷೆಗಳ ನಿರ್ವಹಣೆ, ಮೇಲ್ವಿಚಾರಣೆ ಮತ್ತು ಮೌಲ್ಯಮಾಪನದಲ್ಲಿ ನೆರವಾಗುವುದನ್ನು ಅಧ್ಯಾಪಕರ ಕರ್ತವ್ಯವೆಂದೇ ಹೇಳುತ್ತದೆ. ಹೀಗಿರುವಾಗ ಪರೀಕ್ಷಾ ಕೆಲಸ ನಮ್ಮದಲ್ಲ ಎಂಬ ವಾದ ನಿಲ್ಲುವುದಿಲ್ಲ. ನಿಲ್ಲುವ ವಾದ ಬೇರೆ ಇದೆ, ಅದೂ ಅದೇ ನಿಯಮಾವಳಿಯಲ್ಲಿದೆ, ನಮ್ಮ ಸಂಘಗಳು ಅದನ್ನು ಸಾಕಷ್ಟು ಬಳಸಿಕೊಂಡಿಲ್ಲ.

ಮೊದಲು ಸಂಘದ ಸ್ಥಾನಮಾನ ಏನೆಂದು ನೋಡೋಣ. ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಎಲ್ಲ ನಾಗರಿಕರಿಗೂ ಕೊಟ್ಟಿದೆ. ಆದರೆ ಆ ಹಕ್ಕಿನೊಳಗೆ ಮುಷ್ಕರ ಹೂಡುವ ಅಥವಾ ಸಾಮೂಹಿಕ ಚೌಕಾಸಿಯಲ್ಲಿ ಗೆಲ್ಲುವ ಹಕ್ಕು ಅಡಕವಾಗಿಲ್ಲವೆಂದು ಸುಪ್ರೀಂ ಕೋರ್ಟ್ 1961ರಲ್ಲಿ ಬ್ಯಾಂಕ್ ನೌಕರರ ಪ್ರಕರಣದಲ್ಲಿ ಹೇಳಿತು. 2003ರಲ್ಲಿ ತಮಿಳುನಾಡಿನ ಸರ್ಕಾರಿ ನೌಕರರ ಪ್ರಕರಣದಲ್ಲಿ ಮುಷ್ಕರದ ಹಕ್ಕನ್ನು ಇನ್ನೂ ಕಟುವಾದ ಮಾತುಗಳಲ್ಲಿ ತಳ್ಳಿಹಾಕಿತು. ನಮ್ಮದೇ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ, 1978ರಲ್ಲಿ, ಏಳು ನ್ಯಾಯಮೂರ್ತಿಗಳ ಪೀಠ ಶಿಕ್ಷಣ ಸಂಸ್ಥೆಯೂ ‘ಕೈಗಾರಿಕೆ’ಯ ವ್ಯಾಖ್ಯೆಯೊಳಗೆ ಬರುತ್ತದೆ ಎಂದಿತ್ತು. ಅದನ್ನು ನೆಚ್ಚಿಕೊಂಡ ಶಿಕ್ಷಕರಿಗೆ 1988ರಲ್ಲಿ ಸುಂದರಾಂಬಾಳ್ ಪ್ರಕರಣದ ತೀರ್ಪು ನಿರಾಶೆ ತಂದಿತು: ಸಂಸ್ಥೆ ಕೈಗಾರಿಕೆಯಾದರೂ ಪಾಠ ಹೇಳುವವರು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲ ಎಂದು ಅದು ಹೇಳಿತು. ಹೀಗಾಗಿ ಕಾರ್ಖಾನೆಯ ಕಾರ್ಮಿಕ ಸಂಘವು ವಾರದ ರಜೆಯ ತಕರಾರನ್ನು ಕಾರ್ಮಿಕ ನ್ಯಾಯಾಲಯಕ್ಕೆ ಒಯ್ಯುವಂತೆ ಅಧ್ಯಾಪಕರ ಸಂಘ ಒಯ್ಯಲಾಗಲಿಲ್ಲ. ಈ ತೀರ್ಪನ್ನು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಬೋಧನೆಯನ್ನು ಉದಾತ್ತವೆಂದು ಹೊಗಳಿದ ಕಾರಣಕ್ಕೆ ಬೋಧಿಸುವವರ ರಕ್ಷಣೆ ಕಡಿಮೆಯಾಗುವುದು ನ್ಯಾಯವೆಂದು ನಾನು ಒಪ್ಪಲಾರೆ.

ಬಹಿಷ್ಕಾರದ ಮಾತಿಗೆ ಬರುತ್ತೇನೆ. 2013ರಲ್ಲಿ ಮಹಾರಾಷ್ಟ್ರದ ಕಾಲೇಜು ಅಧ್ಯಾಪಕರು ವೇತನ ಬಾಕಿ ಮತ್ತಿತರ ಬೇಡಿಕೆಗಳಿಗಾಗಿ ವಿಶ್ವವಿದ್ಯಾಲಯ ಪರೀಕ್ಷೆಗಳ ಕೆಲಸವನ್ನು ಫೆಬ್ರುವರಿಯಿಂದ ಮೇ ತಿಂಗಳವರೆಗೆ ಬಹಿಷ್ಕರಿಸಿದರು. ವಿಷಯ ಹೈಕೋರ್ಟ್ ಮೆಟ್ಟಿಲೇರಿತು, ಬಹಿಷ್ಕಾರ ನಿಂತಿತು, ಸರ್ಕಾರ 71 ದಿನಗಳ ಸಂಬಳವನ್ನು ತಡೆಹಿಡಿಯಿತು, ಆ ಸಂಬಳಕ್ಕಾಗಿ ವರ್ಷಗಟ್ಟಲೆ ಅಲೆದಾಡಬೇಕಾಯಿತು. ದೊಡ್ಡ ಒಕ್ಕೂಟ ಬೆನ್ನಿಗಿದ್ದವರ ಪಾಡೇ ಹೀಗಾದಾಗ, ಒಂದು ಕಾಲೇಜಿನ ಹತ್ತು ಹನ್ನೆರಡು ಮಂದಿ ಭಾನುವಾರ ಬೆಳಿಗ್ಗೆ ಕೊಠಡಿಗೆ ಹೋಗದಿದ್ದರೆ ಮೆಮೊ ಬರುವುದು ಖಂಡಿತ, ಫಲ ಸಿಗುವುದು ಅನುಮಾನ. ಹಾಲ್ ಟಿಕೆಟ್ ಹಿಡಿದು ಬಂದು ನಿಂತ ವಿದ್ಯಾರ್ಥಿಗಳ ಎದುರು ನಮ್ಮ ನ್ಯಾಯವಾದ ಬೇಡಿಕೆಯೂ ಸಣ್ಣದಾಗಿ ಕಾಣುತ್ತದೆ.

ಇನ್ನು ನಿಲ್ಲುವ ವಾದ. 2018ರ ನಿಯಮಾವಳಿ ವರ್ಷದ 52 ವಾರಗಳನ್ನು ಹೀಗೆ ಹಂಚಿದೆ: ವಾರಕ್ಕೆ ಆರು ದಿನದಂತೆ 30 ವಾರ, ಅಂದರೆ 180 ದಿನ ಪಾಠ, 12 ವಾರ ಪ್ರವೇಶ, ಪರೀಕ್ಷೆ ಮತ್ತು ಪಠ್ಯೇತರ ಚಟುವಟಿಕೆ, 8 ವಾರ ರಜಾವಧಿ, 2 ವಾರ ಸಾರ್ವತ್ರಿಕ ರಜೆ. ಅಧ್ಯಾಪಕರ ಕೆಲಸದ ಹೊರೆಯನ್ನೂ ವಾರಕ್ಕೆ ಕನಿಷ್ಠ 40 ಗಂಟೆ ಎಂದು ಗೊತ್ತುಪಡಿಸಿದೆ. ಈ ಲೆಕ್ಕ ನಿಂತಿರುವುದು ಆರು ದಿನದ ವಾರದ ಮೇಲೆ. ಏಳನೆಯ ದಿನವನ್ನು ಅದು ಎಲ್ಲಿಯೂ ದುಡಿಮೆಯ ದಿನವೆಂದು ಎಣಿಸಿಲ್ಲ. 12 ವಾರವೆಂದರೆ 72 ಕೆಲಸದ ದಿನ. ಅಷ್ಟು ದಿನ ಕೈಯಲ್ಲಿದ್ದೂ ಭಾನುವಾರಕ್ಕೆ ಕೈಹಾಕಬೇಕಾಗಿ ಬಂದದ್ದು ಏಕೆಂದು ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳ ಹೊಣೆ ಹೊತ್ತ ಕುಲಸಚಿವರನ್ನು (ಮೌಲ್ಯಮಾಪನ) ಕೇಳುವುದಕ್ಕೆ ಸಂಘಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ವಿಶ್ವವಿದ್ಯಾಲಯದ ಕಡೆಯ ಕಷ್ಟವೂ ಸುಳ್ಳಲ್ಲ. ರಾಜ್ಯದಲ್ಲಿ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಹಳೆಯ ಸ್ಕೀಮಿನವರಿಗೂ ಹೊಸ ಸ್ಕೀಮಿನವರಿಗೂ ಹಿಂದಿನ ವಿಷಯಗಳನ್ನು ಬಾಕಿ ಉಳಿಸಿಕೊಂಡವರಿಗೂ ಬೇರೆಬೇರೆ ಪ್ರಶ್ನೆಪತ್ರಿಕೆ ಬೇಕು. ಒಂದೇ ಕಾಲೇಜು ಎಲ್ಲಕ್ಕೂ ಪರೀಕ್ಷಾ ಕೇಂದ್ರ. ದಿನಗಳು ಸಾಲದೆ ಹೋಗುವುದು ಹೀಗೆ. ಆದರೆ ಇದು ಮೂರು ತಿಂಗಳು ಮೊದಲೇ ಗೊತ್ತಿರುವ ಸಂಗತಿ. ಕರಡು ವೇಳಾಪಟ್ಟಿಯ ಹಂತದಲ್ಲೇ ಸಂಘದೊಂದಿಗೆ ಕೂತು ಮಾತನಾಡಿದರೆ ದಿನಕ್ಕೆ ಎರಡು ಪಾಳಿ ಮಾಡಿಯೋ ಆಯ್ಕೆ ವಿಷಯಗಳನ್ನು ಒಟ್ಟುಗೂಡಿಸಿಯೋ ಒಂದೆರಡು ಭಾನುವಾರವನ್ನಾದರೂ ಉಳಿಸಬಹುದು.

ನಾನು ಸಂಘದ ಕಾರ್ಯದರ್ಶಿಯಾಗಿದ್ದಾಗ ಹೀಗೇ ಒಂದು ಭಾನುವಾರ ಪರೀಕ್ಷೆ ಬಿತ್ತು. ಸಹೋದ್ಯೋಗಿಯೊಬ್ಬರು ಮಗುವನ್ನು ನೋಡಿಕೊಳ್ಳುವವರಿಲ್ಲದೆ ಆರು ವರ್ಷದ ಮಗಳನ್ನು ಕಾಲೇಜಿಗೇ ಕರೆತಂದಿದ್ದರು. ಮಗು ಸ್ಟಾಫ್ ರೂಮಿನಲ್ಲಿ ಜೋಡಿಸಿದ ಎರಡು ಕುರ್ಚಿಗಳ ಮೇಲೆ ಮಲಗಿತ್ತು. ತಾಯಿ ಪಕ್ಕದ ಮೇಜಿನಲ್ಲಿ ಉತ್ತರ ಪತ್ರಿಕೆಗಳನ್ನು ಕ್ರಮಸಂಖ್ಯೆಯಂತೆ ಜೋಡಿಸಿ, ಗೈರುಹಾಜರಿ ಪಟ್ಟಿ ತುಂಬಿ, ಬಂಡಲ್‌ಗೆ ದಾರ ಬಿಗಿಯುತ್ತಿದ್ದರು. ಆ ವಾರವೇ ನಾವು ಮನವಿ ಬರೆದೆವು. ನಮ್ಮ ದಣಿವಿನ ಜೊತೆಗೆ ಇನ್ನೊಂದು ಸಂಗತಿಯನ್ನೂ ಸೇರಿಸಿದೆವು: ಭಾನುವಾರ ಹಳ್ಳಿಗಳಿಂದ ಬರುವ ಮೊದಲ ಬಸ್ಸು ನಮ್ಮ ಊರು ಸೇರುತ್ತಿದ್ದದ್ದು 9.40ಕ್ಕೆ, ಪರೀಕ್ಷೆ ಆರಂಭವಾಗುತ್ತಿದ್ದದ್ದು 9.30ಕ್ಕೆ. ಬಸ್ ನಿಲ್ದಾಣದಲ್ಲಿ ನಿಂತು ಬರೆದುಕೊಂಡ ಸಮಯದ ಪಟ್ಟಿಯನ್ನು ಮನವಿಗೆ ಲಗತ್ತಿಸಿದ್ದೆವು. ಮುಂದಿನ ಎರಡು ಭಾನುವಾರದ ಪರೀಕ್ಷೆಗಳು ವಾರದ ದಿನಗಳಿಗೆ ಹೋದವು. ಅಧ್ಯಾಪಕರ ರಜೆಯೂ ವಿದ್ಯಾರ್ಥಿಗಳ ಹಿತವೂ ಒಂದೇ ಕಡೆ ನಿಂತಾಗ ಕಚೇರಿಗೆ ಇಲ್ಲ ಎನ್ನುವುದು ಕಷ್ಟವಾಗುತ್ತದೆ.

ನಿಮ್ಮ ಸಂಘ ಈಗಲೇ ಮಾಡಬಹುದಾದದ್ದು ಇಷ್ಟು. ಭಾನುವಾರದ ಕೆಲಸಕ್ಕೆ ಪ್ರಾಂಶುಪಾಲರಿಂದ ಹೆಸರು, ದಿನಾಂಕ, ಸಮಯ ಇರುವ ಲಿಖಿತ ಆದೇಶ ಪಡೆಯಿರಿ. ಬಾಯಿಮಾತಿನ ಆದೇಶಕ್ಕೆ ಮುಂದೆ ಯಾವ ಲೆಕ್ಕವೂ ಸಿಗುವುದಿಲ್ಲ. ಕೆಲಸವನ್ನು ‘ಆಕ್ಷೇಪಣೆಗೆ ಒಳಪಟ್ಟು’ ಮಾಡುತ್ತಿರುವುದಾಗಿ ಬರೆದುಕೊಟ್ಟು, ಪ್ರತಿ ದಿನಕ್ಕೂ ಪರಿಹಾರ ರಜೆ ಕೇಳಿ. ಇಲ್ಲೊಂದು ಎಚ್ಚರ: ರಜಾವಧಿಯಲ್ಲಿ ದುಡಿದರೆ ಆ ಅವಧಿಯ ಮೂರನೇ ಒಂದು ಭಾಗವನ್ನು ಗಳಿಕೆ ರಜೆಯಾಗಿ ಕೊಡುವ ಯುಜಿಸಿ ನಿಯಮ ಬೇಸಿಗೆ ಅಥವಾ ದಸರಾ ರಜೆಯಂಥ ಅವಧಿಗೆ ಸಲ್ಲುತ್ತದೆ, ಬಿಡಿ ಭಾನುವಾರಕ್ಕಲ್ಲ. ಎರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸಿದರೆ ಎರಡೂ ತಿರಸ್ಕೃತವಾಗುವ ಸಂಭವವಿದೆ. ಮೇಲ್ವಿಚಾರಣೆಯ ಸಂಭಾವನೆ ರಜೆಗೆ ಬದಲಿಯಲ್ಲ. ವಾರದ ದಿನದಲ್ಲೂ ಅದೇ ಸಂಭಾವನೆ ಇದೆ ಎಂಬುದನ್ನು ನೆನಪಿಸಿ. ಎರಡನೇ ಶನಿವಾರದ ಬಗ್ಗೆ ನಿಮ್ಮ ಕಾಲೇಜಿಗೆ ಅದು ರಜೆಯೇ ಎಂದು ವಾರ್ಷಿಕ ವೇಳಾಪಟ್ಟಿಯಲ್ಲಿ ನೋಡಿಕೊಂಡು ನಂತರ ಬರೆಯಿರಿ.

ಇದಕ್ಕೂ ಮಣಿಯದಿದ್ದರೆ ವಿಧಾನ ಪರಿಷತ್ತಿನ ದಾರಿ ಇದೆ. 75 ಸದಸ್ಯರ ನಮ್ಮ ಪರಿಷತ್ತಿನಲ್ಲಿ 7 ಮಂದಿ ಶಿಕ್ಷಕರ ಕ್ಷೇತ್ರಗಳಿಂದಲೇ ಆರಿಸಿ ಬರುತ್ತಾರೆ. ಪರಿಹಾರ ರಜೆಯನ್ನು ಕಡ್ಡಾಯ ಮಾಡುವ ಸರ್ಕಾರಿ ಆದೇಶಕ್ಕಾಗಿ ಅವರಿಂದ ಸದನದಲ್ಲಿ ಪ್ರಶ್ನೆ ಹಾಕಿಸಿ. ನ್ಯಾಯಾಲಯದಲ್ಲಿ ಸೋತದ್ದನ್ನು ಶಾಸನದಲ್ಲಿ ಗೆದ್ದ ಉದಾಹರಣೆ ನಮ್ಮದೇ ವೃತ್ತಿಯಲ್ಲಿದೆ. ಶಿಕ್ಷಕರು ಗ್ರಾಚ್ಯುಟಿ ಕಾಯ್ದೆಯ ‘ನೌಕರ’ರಲ್ಲವೆಂದು 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2009ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ 1997ರಿಂದ ಪೂರ್ವಾನ್ವಯವಾಗುವಂತೆ ಗ್ರಾಚ್ಯುಟಿ ಕೊಡಿಸಿತು, ಆ ತಿದ್ದುಪಡಿಯನ್ನು 2022ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು.

ಪ್ರಶ್ನೆ: ನಾನು ಅತಿಥಿ ಉಪನ್ಯಾಸಕ. ಭಾನುವಾರದ ಮೇಲ್ವಿಚಾರಣೆ ಹೆಚ್ಚಾಗಿ ನಮ್ಮ ತಲೆಗೇ ಬರುತ್ತದೆ. ಸಂಘದಲ್ಲಿ ನಮಗೆ ಸದಸ್ಯತ್ವ ಇಲ್ಲ. ನಾವು ಯಾರನ್ನು ಕೇಳಬೇಕು?

ಉತ್ತರ: ಕಾಯಂ ಅಧ್ಯಾಪಕರು ಭಾನುವಾರವನ್ನು ತಮ್ಮ ಮೈಮೇಲಿಂದ ಇಳಿಸಿ ನಿಮ್ಮ ಮೇಲೆ ಹೊರಿಸುವುದು ತಪ್ಪು, ಇದನ್ನು ನನ್ನ ಕಾಯಂ ಗೆಳೆಯರಿಗೂ ಹೇಳಿದ್ದೇನೆ. ಮುಂದಿನ ವರ್ಷದ ಮರುನೇಮಕದ ಅಂಜಿಕೆ ಇರುವವರು ಒಬ್ಬೊಬ್ಬರಾಗಿ ಬಾಯಿ ತೆರೆಯಲಾರರು. ಆದ್ದರಿಂದ ಸಂಘದ ಉಪನಿಯಮಗಳಿಗೆ ತಿದ್ದುಪಡಿ ತಂದು ನಿಮಗೂ ಸದಸ್ಯತ್ವ ಕೊಡಬೇಕೆಂದು ವಾರ್ಷಿಕ ಮಹಾಸಭೆಗೆ ಮೊದಲೇ ಒಬ್ಬ ಕಾಯಂ ಸದಸ್ಯರಿಂದ ಲಿಖಿತ ಸೂಚನೆ ಕೊಡಿಸಿ. ಅಲ್ಲಿಯವರೆಗೆ ಮೇಲ್ವಿಚಾರಣೆಯ ಪಟ್ಟಿಯನ್ನು ಕಾಯಂ, ಅತಿಥಿ ಎಂಬ ಭೇದವಿಲ್ಲದೆ ಸರದಿಯಂತೆ ಮಾಡಿ ಸೂಚನಾ ಫಲಕದಲ್ಲಿ ಹಾಕಬೇಕೆಂದು ಎಲ್ಲರೂ ಒಟ್ಟಾಗಿ ಸಹಿ ಮಾಡಿ ಪರೀಕ್ಷಾ ಕೇಂದ್ರದ ಮುಖ್ಯ ಅಧೀಕ್ಷಕರನ್ನು ಕೇಳಿ. ಯಾರು ಎಷ್ಟು ಭಾನುವಾರ ಕೂತರು ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ. ಅದರ ಒಂದು ಪ್ರತಿಯನ್ನು ತಪ್ಪದೆ ಇಟ್ಟುಕೊಳ್ಳಿ.